ಒಂದೇ ಒಲೆ, ಎರಡು ಪಾತ್ರೆ

ಮಾಂಸ ತಿನ್ನುವ ಮನೆಯಲ್ಲಿ ಒಬ್ಬರು ಮಾಂಸ ಬಿಟ್ಟರೆ ಮೊದಲು ಏಳುವ ಪ್ರಶ್ನೆ ಬಹಳ ಸಣ್ಣದು: ಇನ್ನು ಮುಂದೆ ಇವನಿಗೆ ಬೇರೆ ಸಾರು ಮಾಡುವವರು ಯಾರು? ಧರ್ಮ, ಅಹಿಂಸೆ, ಆರೋಗ್ಯ ಎಲ್ಲ ಆಮೇಲೆ ಬರುತ್ತವೆ. ಸಸ್ಯಾಹಾರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮಹಾವೀರ, ಪೈಥಾಗೊರಸ್, ಗಾಂಧೀಜಿ ಎಂದು ದೊಡ್ಡ ಹೆಸರುಗಳಿಂದ ಶುರುಮಾಡುತ್ತಾರೆ. ಆದರೆ ಹುಟ್ಟಿನಿಂದಲೇ ಸಸ್ಯಾಹಾರಿಯಾಗಿರುವುದು ಬೇರೆ, ಮೀನು ಹುರಿಯುವ ಮನೆಯಲ್ಲೇ ಉಳಿದುಕೊಂಡು ಮೀನು ಬಿಡುವುದು ಬೇರೆ. ಈ ಎರಡನೆಯ ಗುಂಪಿನವರ ಕಥೆ ನಮಗೆ ಹತ್ತಿರದ್ದು. ಆರೇಳು ಜನ ಒಂದು ಸಿಲಿಂಡರ್ ಹಂಚಿಕೊಂಡು, ತಿಂಗಳ ಕೊನೆಗೆ ಮೆಸ್ಸಿನ ಲೆಕ್ಕ ಹಾಕಿ ಬದುಕುವ ನಮಗೆ, ಒಬ್ಬನ ಊಟ ಬದಲಾದರೆ ಉಳಿದವರಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯ ಮನೆಗಳಿಗೆ ಮಾಂಸ ಬಿಡುವುದು ಹೊಸದೇನಲ್ಲ. ಮೀನಿಲ್ಲದೆ ಅನ್ನ ಇಳಿಯದ ಕರಾವಳಿಯ ಮನೆಗಳಲ್ಲೂ ಸಂಕ್ರಮಣ, ಸೋಮವಾರ, ಶನಿವಾರ ಎಂದು ಬಿಡುವ ದಿನಗಳಿವೆ. ಬಯಲುಸೀಮೆಯಲ್ಲಿ ಶ್ರಾವಣ ಬಂತೆಂದರೆ ತಿಂಗಳಿಡೀ ಕೋಳಿಗೆ ಜೀವದಾನ. ಅಯ್ಯಪ್ಪನ ಮಾಲೆ ಹಾಕಿದವರಿದ್ದರೆ 41 ದಿನ ಮನೆಗೆ ಮನೆಯೇ ಅವರ ಜೊತೆ ನಡೆಯುತ್ತದೆ. ಪಾತ್ರೆ ತೊಳೆದಿಡುತ್ತಾರೆ, ಬೇರೆ ಒಲೆ ಹೂಡುತ್ತಾರೆ, ಒಬ್ಬರೂ ಗೊಣಗುವುದಿಲ್ಲ. ಅದೇ ಮನುಷ್ಯ ಮಾಲೆ ತೆಗೆದ ಮೇಲೂ 'ನನಗೆ ಇನ್ನು ಬೇಡ' ಎಂದರೆ ಮನೆ ತಿರುಗಿ ಕೇಳುತ್ತದೆ: ಯಾಕೆ? ದೇವರು ಕೇಳಿದರೆ ಕೊಡುತ್ತಾರೆ, ಮಗ ಕೇಳಿದರೆ ಕಾರಣ ಬೇಕು. ಹರಕೆಗೆ ಕೊನೆಯ ದಿನ ಇರುತ್ತದೆ, ಅಲ್ಲಿಯವರೆಗೆ ಯಾರಿಗೂ ಭಾರವಾಗುವುದಿಲ್ಲ. ಕೊನೆಯ ದಿನವಿಲ್ಲದ ನಿರ್ಧಾರ ಮಾತ್ರ ಉಳಿದವರಿಗೆ ತಮ್ಮ ತಟ್ಟೆಯ ಮೇಲಿನ ಟೀಕೆಯಂತೆ ಕೇಳಿಸುತ್ತದೆ.

ಅದರ ಹಿಂದೆ ಇನ್ನೊಂದು ನೋವೂ ಇದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟವಾದ ಕೊಡಗಿನ ಬಗೆಗಿನ ತಮ್ಮ ಪುಸ್ತಕದಲ್ಲಿ, ಕೆಳಗಿನ ಜಾತಿಗಳು ಮಾಂಸ ಮದ್ಯ ಬಿಟ್ಟು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಪಡೆಯಲು ನೋಡುವುದನ್ನು ಗುರುತಿಸಿ ಅದಕ್ಕೆ ಸಂಸ್ಕೃತೀಕರಣ ಎಂದು ಹೆಸರಿಟ್ಟರು. ಆ ಹೆಸರು ಗೊತ್ತಿಲ್ಲದ ಅಜ್ಜಿಗೂ ವಿಷಯ ಗೊತ್ತಿರುತ್ತದೆ. 'ಓಹೋ, ದೊಡ್ಡ ಜಾತಿಯವನಾದೆಯಾ' ಎಂಬ ಮಾತು ಬರುವುದು ಅಲ್ಲಿಂದ. ಹನ್ನೆರಡನೆಯ ಶತಮಾನದ ಶರಣರ ಕಾಲದಲ್ಲೂ ಮಾಂಸ ತಿನ್ನುವ ಕುಲಗಳಿಂದ ಬಂದವರು ಲಿಂಗ ಕಟ್ಟಿಕೊಂಡು ಹೊಸ ಆಹಾರಕ್ಕೆ ಬಂದರು. ಆದರೆ ಅದು ಜನ ಗುಂಪಾಗಿ ಸೇರಿದ ಚಳವಳಿ. ಒಬ್ಬನೇ ಬಿಡುವ ಕಷ್ಟ ಬೇರೆ.

ಮನೆಯೊಳಗಿನ ಜಗ್ಗಾಟವನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿದವನು ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ, 1209ರ 'ಯಶೋಧರ ಚರಿತೆ'ಯಲ್ಲಿ. ಅರಸ ಯಶೋಧರನಿಗೆ ಹೆಂಡತಿ ಅಮೃತಮತಿಯಿಂದ ಮನಸ್ಸು ಮುರಿದಿದೆ. ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ದೇವಿಗೆ ಬಲಿ ಕೊಡು ಎಂದು ತಾಯಿ ಹಟ ಹಿಡಿಯುತ್ತಾಳೆ. ಮಗ ಕೊಲ್ಲಲಾರೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನೇ ಕಡಿಯುವುದು. ಕಡಿಯುವಾಗ ಆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಅಮ್ಮನ ಮನಸ್ಸನ್ನೂ ನೋಯಿಸಬಾರದು, ತನ್ನ ಮನಸ್ಸನ್ನೂ ಬಿಡಬಾರದು ಎಂದು ಹೊರಟ ಮಗನಿಗೆ ಜೈನಕವಿ ಸ್ವಲ್ಪವೂ ರಿಯಾಯಿತಿ ಕೊಡುವುದಿಲ್ಲ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಅಲೆಯುತ್ತಾರೆ. ನನಗೆ ಈ ಶಿಕ್ಷೆ ಅತಿಯಾಯಿತು ಅನ್ನಿಸುತ್ತದೆ. ಅಮ್ಮ ಬಡಿಸಿದ್ದನ್ನು ಬೇಡ ಎನ್ನಲಾಗದೆ ಸಾರಿನ ತುಂಡು ಬದಿಗೆ ಸರಿಸಿ ಬರೀ ರಸದಲ್ಲಿ ಅನ್ನ ಕಲಸಿಕೊಂಡವರು ಎಷ್ಟು ಜನ! ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ಎಂದು ನಾಟಕ ಮಾಡಿದ್ದು ಸುಮ್ಮನೆ ಅಲ್ಲ.

ಇನ್ನು ನಾವಿರುವ ಈ ಸೀಮೆಗೆ ಬರೋಣ. ಅರಬ್ಬರ ನಾಡಿನಲ್ಲಿ ಮಾಂಸ ಬಿಟ್ಟವರೇ ಇರಲಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಅರಬ್ಬೀ ಸಾಹಿತ್ಯದ ಅತಿ ದೊಡ್ಡ ಕವಿಗಳಲ್ಲಿ ಒಬ್ಬನಾದ ಅಬುಲ್ ಅಲಾ ಅಲ್ ಮಅರ್ರಿ ಮಾಂಸ ಮಾತ್ರವಲ್ಲ, ಮೀನು, ಮೊಟ್ಟೆ, ಹಾಲು, ಜೇನುತುಪ್ಪ ಎಲ್ಲವನ್ನೂ ಬಿಟ್ಟವನು. ಅಲೆಪ್ಪೊ ನಗರದ ದಕ್ಷಿಣಕ್ಕಿರುವ ಮಅರ್ರತ್ ಅನ್ನುಅಮಾನ್ ಎಂಬ ಊರಿನಲ್ಲಿ 973ರಲ್ಲಿ ಹುಟ್ಟಿದ. ನ್ಯಾಯಾಧೀಶರ ಮನೆತನ. ನಾಲ್ಕನೆಯ ವಯಸ್ಸಿಗೆ ಸಿಡುಬು ಬಂದು ಕಣ್ಣು ಹೋಯಿತು. ದೊಡ್ಡವನಾಗಿ ಬಾಗ್ದಾದಿಗೆ ಹೋದ, ಒಂದೂವರೆ ವರ್ಷ ಅಲ್ಲಿನ ವಿದ್ವಾಂಸರ ನಡುವೆ ಇದ್ದ, ತಾಯಿಗೆ ಹುಷಾರಿಲ್ಲ ಎಂದು ತಿಳಿದು 1010ರಲ್ಲಿ ಊರಿಗೆ ಹೊರಟ. ತಲಪುವಷ್ಟರಲ್ಲಿ ತಾಯಿ ಹೋಗಿಯಾಗಿತ್ತು. ಗಲ್ಫಿನಲ್ಲಿರುವ ನಮ್ಮಲ್ಲಿ ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಬಲ್ಲವರು ಕಡಿಮೆ.

ಆಮೇಲೆ ಅವನು ಊರು ಬಿಡಲಿಲ್ಲ. ಮದುವೆಯಾಗಲಿಲ್ಲ. ಕುರುಡು ಒಂದು, ಮನೆ ಒಂದು, ಹೀಗೆ ಎರಡು ಸೆರೆಗಳ ಕೈದಿ ಎಂದು ತನ್ನನ್ನು ತಾನೇ ಕರೆದುಕೊಂಡ. ಬೇಳೆ, ಅಂಜೂರ, ಒರಟು ರೊಟ್ಟಿ ಅವನ ಊಟ. ಹಾಲು ಕರುವಿನದು, ಜೇನು ಜೇನುಹುಳುವಿನದು, ಅದನ್ನು ಕಸಿಯಲು ನಾನು ಯಾರು ಎಂಬುದು ಅವನ ವಾದ. ಹೀಗೆ ಎಂಬತ್ತು ದಾಟುವವರೆಗೆ ಬದುಕಿ 1057ರಲ್ಲಿ ತೀರಿಕೊಂಡ.

ಅವನ ಮುಪ್ಪಿನಲ್ಲಿ ಒಂದು ಪತ್ರ ಬಂತು. ಬರೆದವನು ಕೈರೋದ ಫಾತಿಮಿ ಖಲೀಫರ ಮುಖ್ಯ ಧರ್ಮಪ್ರಚಾರಕ ಅಲ್ ಮುಅಯ್ಯದ್ ಶಿರಾಜಿ. ಬಹಳ ವಿನಯದ ಪತ್ರ, ಆದರೆ ಒಳಗೆ ಮುಳ್ಳಿತ್ತು: ದೇವರು ಪ್ರಾಣಿಗಳನ್ನು ಮನುಷ್ಯರ ಉಪಯೋಗಕ್ಕೇ ಸೃಷ್ಟಿಸಿರುವಾಗ, ಯಾವ ಕಟ್ಟಳೆಯೂ ಬೇಡವೆನ್ನದಿರುವಾಗ, ನೀವು ಮಾಂಸ ಬಿಟ್ಟಿರುವುದು ಯಾಕೆ? ಮಾಲೆ ತೆಗೆದ ಮೇಲೆ ನಮ್ಮ ಮನೆಯವರು ಕೇಳುವ ಪ್ರಶ್ನೆಯೇ ಇದು. ಧರ್ಮ ಬೇಡ ಎನ್ನದ್ದನ್ನು ಬೇಡವೆನ್ನುವವನು ಧರ್ಮಕ್ಕಿಂತ ತಾನು ಹೆಚ್ಚು ದಯಾವಂತ ಎಂದುಕೊಂಡಿದ್ದಾನೆಯೇ ಎಂಬ ಸಂಶಯ ಅದರೊಳಗಿದೆ. ಆ ಕಾಲಕ್ಕೆ ಇದು ಪ್ರಾಣಕ್ಕೇ ಕುತ್ತು ತರಬಲ್ಲ ಸಂಶಯ. ಅಬುಲ್ ಅಲಾ ಜಾಣತನದಿಂದ ಉತ್ತರಿಸಿದ. ದಯೆಯ ಮಾತನ್ನೂ ಆಡಿದ, ಜೊತೆಗೆ ಹಣದ ಮಾತನ್ನೂ ಸೇರಿಸಿದ: ವರ್ಷಕ್ಕೆ ಇಪ್ಪತ್ತು ಚಿಲ್ಲರೆ ದೀನಾರ್ ವರಮಾನ, ಅದರಲ್ಲಿ ಸೇವಕನಿಗೆ ಅರ್ಧ ಹೋಗುತ್ತದೆ, ಉಳಿದುದರಲ್ಲಿ ಬೇಳೆಕಾಳೇ ಗತಿ. ಶಿರಾಜಿ ಬಿಡಲಿಲ್ಲ, ಹಾಗಿದ್ದರೆ ನಿಮಗೆ ಒಳ್ಳೆಯ ಊಟಕ್ಕೆ ಸಾಕಾಗುವಷ್ಟು ಏರ್ಪಾಡು ಮಾಡಿಸುತ್ತೇನೆ ಎಂದ. ಅಬುಲ್ ಅಲಾ ಅದನ್ನು ಬೇಡವೆಂದ. ಹಣವೇ ಕಾರಣ ಆಗಿರಲಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟ. 1047ರಲ್ಲಿ ಆ ಊರಿನ ಮೂಲಕ ಹಾದುಹೋದ ಪರ್ಷಿಯಾದ ಪ್ರವಾಸಿ ನಾಸಿರ್ ಖುಸ್ರೊ ಬರೆದಿರುವುದೂ ಬೇರೆಯೇ ಚಿತ್ರ: ಊರಿಗೇ ಮುಖ್ಯಸ್ಥ, ಬೇಕಾದಷ್ಟು ಐಶ್ವರ್ಯ, ಸೇವಕರು, ಆದರೆ ತಾನು ಮಾತ್ರ ಒರಟು ಬಟ್ಟೆ ಉಟ್ಟು ಬಾರ್ಲಿಯ ರೊಟ್ಟಿ ತಿಂದು ಬದುಕುವವನು. 'ಡಾಕ್ಟರು ಬೇಡ ಅಂದಿದ್ದಾರೆ' ಎಂದು ನಾವು ಮದುವೆ ಊಟದಲ್ಲಿ ಬಿರಿಯಾನಿ ತಪ್ಪಿಸಿಕೊಳ್ಳುವ ಉಪಾಯಕ್ಕೆ ಸಾವಿರ ವರ್ಷದ ಹಿನ್ನೆಲೆ ಇದೆ ಎಂದಾಯಿತು. (ಇದೇ ನಾಸಿರ್ ಖುಸ್ರೊ ಮುಂದೆ ನಮ್ಮ ಇಲ್ಲಿನ ಅಲ್ ಅಹ್ಸಾಕ್ಕೂ ಬಂದಿದ್ದ, ಅಲ್ಲಿನ ಸಂತೆಯಲ್ಲಿ ಬೆಕ್ಕು, ನಾಯಿಯ ಮಾಂಸವನ್ನೂ ಮಾರುತ್ತಿದ್ದರು ಎಂದು ಬರೆದಿದ್ದಾನೆ.)

ಅಬುಲ್ ಅಲಾನ ಬಗ್ಗೆ ಅರಬ್ಬರು ಹೇಳುವ ಒಂದು ಕಥೆ ಔಷಧದ ಕೌಂಟರಿನ ಹಿಂದೆ ನಿಲ್ಲುವ ನನಗೆ ಬಹಳ ಇಷ್ಟ. ಅವನಿಗೆ ಕಾಯಿಲೆ ಬಂದಾಗ ವೈದ್ಯ ಕೋಳಿ ತಿನ್ನಬೇಕೆಂದು ಬರೆದನಂತೆ. ತಂದಿಟ್ಟ ಕೋಳಿಯನ್ನು ಕೈಯಿಂದ ಮುಟ್ಟಿ ನೋಡಿ, ನೀನು ದುರ್ಬಲ ಎಂದು ನಿನ್ನನ್ನು ಬರೆದರು, ಸಿಂಹದ ಮರಿಯನ್ನೇಕೆ ಬರೆಯಲಿಲ್ಲ ಎಂದನಂತೆ. ಅವನ ಊರಿನಲ್ಲಿದ್ದ ಅವನ ಪ್ರತಿಮೆಯ ತಲೆಯನ್ನು 2013ರಲ್ಲಿ, ಸಿರಿಯಾದ ಯುದ್ಧದ ನಡುವೆ, ಉಗ್ರಗಾಮಿಗಳು ಕಡಿದುಹಾಕಿದರು.

ಅಬುಲ್ ಅಲಾ ಒಂಟಿಯಾಗಿದ್ದುದರಿಂದ ಅಡುಗೆಮನೆಯ ಜಗಳ ಅವನಿಗೆ ಇರಲಿಲ್ಲ. ಮೆಸ್ಸಿನ ಜಗಳ ಹೇಗಿರುತ್ತದೆಂದು ತಿಳಿಯಲು ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆ ಓದಬೇಕು. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಇವನು ಅಣ್ಣ ಜೇಮ್ಸನ ಮುದ್ರಣಾಲಯದಲ್ಲಿ ಕೆಲಸ ಕಲಿಯುವ ಹುಡುಗ. ಅಣ್ಣನಿಗೆ ಇನ್ನೂ ಮದುವೆಯಾಗಿರಲಿಲ್ಲ. ತನಗೂ ಕೆಲಸದ ಹುಡುಗರಿಗೂ ಇನ್ನೊಂದು ಮನೆಯಲ್ಲಿ ದುಡ್ಡು ಕೊಟ್ಟು ಊಟಕ್ಕೆ ಹಚ್ಚಿದ್ದ. ಹದಿನಾರರ ಸುಮಾರಿಗೆ ಬೆಂಜಮಿನ್ನನ ಕೈಗೆ ಥಾಮಸ್ ಟ್ರಯನ್ ಎಂಬ ಇಂಗ್ಲಿಷಿನವನ ಪುಸ್ತಕ ಸಿಕ್ಕಿತು. ಟ್ರಯನ್ ಟೋಪಿ ಮಾಡುವ ಕಸುಬಿನವನು, ಭಾರತದ ಬ್ರಾಹ್ಮಣನೊಬ್ಬ ಫ್ರೆಂಚ್ ಗೃಹಸ್ಥನೊಡನೆ ಮಾತಾಡುವಂತೆ ಸಂವಾದ ಬರೆದವನು, ವೆಸ್ಟ್ ಇಂಡೀಸಿನ ತೋಟಗಳಲ್ಲಿ ಗುಲಾಮರನ್ನು ನಡೆಸಿಕೊಳ್ಳುವ ರೀತಿಯನ್ನು 1680ರ ದಶಕದಲ್ಲೇ ಖಂಡಿಸಿದವನು. ಪುಸ್ತಕ ಓದಿದ ಹುಡುಗ ಮಾಂಸ ಬಿಟ್ಟ. ಊಟದ ಮನೆಯವರಿಗೆ ತೊಂದರೆ ಶುರುವಾಯಿತು, ಎಲ್ಲರೂ ಇವನೇನು ವಿಚಿತ್ರ ಎಂದು ಬೈಯತೊಡಗಿದರು.

ಹುಡುಗ ವಾದಕ್ಕೆ ಹೋಗಲಿಲ್ಲ. ಟ್ರಯನ್ ಹೇಳಿದ್ದ ಕೆಲವು ಅಡುಗೆ ಕಲಿತ: ಆಲೂಗಡ್ಡೆ ಬೇಯಿಸುವುದು, ಅನ್ನ ಮಾಡುವುದು, ಹಿಟ್ಟಿನ ಗಂಜಿ ಕಾಯಿಸುವುದು. ಆಮೇಲೆ ಅಣ್ಣನ ಮುಂದೆ ಲೆಕ್ಕ ಇಟ್ಟ. ನನ್ನ ಊಟಕ್ಕೆ ವಾರಕ್ಕೆ ನೀನು ಕೊಡುವುದರಲ್ಲಿ ಅರ್ಧ ನನಗೇ ಕೊಡು, ನನ್ನ ಊಟ ನಾನು ನೋಡಿಕೊಳ್ಳುತ್ತೇನೆ. ಅಣ್ಣ ತಕ್ಷಣ ಒಪ್ಪಿದ. ಆ ಅರ್ಧದಲ್ಲೂ ಅರ್ಧ ಉಳಿಯಿತು, ಅದರಲ್ಲಿ ಪುಸ್ತಕ ಕೊಂಡ. ಉಳಿದವರು ಊಟಕ್ಕೆ ಹೋದಾಗ ಮುದ್ರಣಾಲಯದಲ್ಲಿ ಒಬ್ಬನೇ ಕುಳಿತು ಒಂದು ಚೂರು ಬ್ರೆಡ್, ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರು ಮುಗಿಸಿ ಓದುತ್ತಿದ್ದ. ಶಾಲೆಯಲ್ಲಿ ತಲೆಗೆ ಹತ್ತದ ಗಣಿತ ಅಲ್ಲಿ ಹತ್ತಿತು.

ರೂಮಿನಲ್ಲಿ ಬೇರೆ ಊಟ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ: ಪಾಲು ಕಡಿಮೆ ಮಾಡಿಸಿಕೊಂಡು ಸೌಟು ತಾನೇ ಹಿಡಿಯುವುದು. ಮುಂದೆ ಫ್ರಾಂಕ್ಲಿನ್ ಮೀನಿಗೆ ಸೋತ. ಹಡಗು ಗಾಳಿಯಿಲ್ಲದೆ ನಿಂತಾಗ ಜೊತೆಯವರು ಕಾಡ್ ಮೀನು ಹಿಡಿದು ಹುರಿದರು, ಘಮ ತಡೆಯಲಾಗಲಿಲ್ಲ. ದೊಡ್ಡ ಮೀನಿನ ಹೊಟ್ಟೆಯಲ್ಲಿ ಸಣ್ಣ ಮೀನು ಕಂಡಿತು. ಅವು ಒಂದನ್ನೊಂದು ತಿನ್ನುವುದಾದರೆ ನಾನು ತಿಂದರೇನು ಎಂದುಕೊಂಡು ಹೊಟ್ಟೆ ತುಂಬ ತಿಂದ. ಮನುಷ್ಯನಿಗೆ ಬುದ್ಧಿ ಇರುವುದು ಬೇಕಾದ್ದಕ್ಕೆ ಕಾರಣ ಹುಡುಕಿಕೊಳ್ಳಲು ಎಂದು ತನ್ನನ್ನೇ ಗೇಲಿ ಮಾಡಿಕೊಂಡಿದ್ದಾನೆ. ಬಂಗುಡೆ ಹುರಿಯುವ ವಾಸನೆ ಗೊತ್ತಿರುವವರು ಅವನನ್ನು ಬೈಯಲಾರರು.

ಟಾಲ್‌ಸ್ಟಾಯ್ ಕಥೆ ಇದಕ್ಕೆ ತದ್ವಿರುದ್ಧ. 1862ರಲ್ಲಿ ಹದಿನೆಂಟು ವರ್ಷದ ಸೋಫಿಯಾಳನ್ನು ಮದುವೆಯಾದಾಗ ಅವರು ಬೇಟೆಯ ಹುಚ್ಚಿನ ಜಮೀನ್ದಾರ. ಹದಿಮೂರು ಮಕ್ಕಳಾದವು. 1885ರಲ್ಲಿ ಅಮೆರಿಕದಲ್ಲಿ ಇದ್ದು ಬಂದಿದ್ದ ವಿಲಿಯಂ ಫ್ರೈ ಎಂಬ ಸಸ್ಯಾಹಾರಿ ಯಾಸ್ನಯ ಪೊಲ್ಯಾನದ ಅವರ ಮನೆಗೆ ಬಂದ. ಆ ಹೊತ್ತಿನಿಂದ ಟಾಲ್‌ಸ್ಟಾಯ್ ಮಾಂಸ ಬಿಡುತ್ತ ಬಂದರು, ಬೇಟೆಯನ್ನೂ ಬಿಟ್ಟರು. ತುಲಾ ಪಟ್ಟಣದ ಕಸಾಯಿಖಾನೆಗೆ ಹೋಗಿ ಕಣ್ಣಾರೆ ನೋಡಿ ಬಂದು 'ಮೊದಲ ಹೆಜ್ಜೆ' ಎಂಬ ಪ್ರಬಂಧ ಬರೆದರು. 1892ರಲ್ಲಿ ಅದು ಪ್ರಕಟವಾಯಿತು. ಹೆಣ್ಣುಮಕ್ಕಳಾದ ತತಿಯಾನಾ, ಮರಿಯಾ ಅಪ್ಪನ ದಾರಿ ಹಿಡಿದರು. ಸೋಫಿಯಾ ಹಿಡಿಯಲಿಲ್ಲ.

ಈ ಮನೆಯದೆಂದು ಹೇಳುವ ಕಥೆಯೊಂದು ಸಸ್ಯಾಹಾರಿಗಳು ನಗುತ್ತ ಹೇಳಿಕೊಳ್ಳುವಂಥದು. ಊಟಕ್ಕೆ ಬಂದ ಚಿಕ್ಕಮ್ಮನಿಗೆ ಕೋಳಿ ಬೇಕೆಂದಾಗ ಅವಳ ಕುರ್ಚಿಗೆ ಜೀವಂತ ಕೋಳಿ ಕಟ್ಟಿ, ತಟ್ಟೆಯ ಪಕ್ಕ ಚೂರಿ ಇಟ್ಟಿದ್ದರಂತೆ. ಕೊಲ್ಲುವ ಮನಸ್ಸು ನಮಗಿಲ್ಲ, ಬೇಕಿದ್ದರೆ ನೀನೇ ಕೊಲ್ಲು ಎಂದರಂತೆ. ನನಗೆ ಈ ಕಥೆ ಹಿಡಿಸುವುದಿಲ್ಲ. ಊಟಕ್ಕೆ ಕುಳಿತ ನೆಂಟರನ್ನು ಹೀಗೆ ಅವಮಾನ ಮಾಡುವುದು ನಮ್ಮಲ್ಲಿ ದೊಡ್ಡತನವಲ್ಲ. ಸೋಫಿಯಾಳ ದಿನಚರಿ ಓದಿದರೆ ಮನೆಯ ಇನ್ನೊಂದು ಮುಖ ಕಾಣುತ್ತದೆ. ಸಸ್ಯಾಹಾರ ಎಂದರೆ ದಿನಕ್ಕೆ ಎರಡು ಬಗೆಯ ಅಡುಗೆ, ಹೆಚ್ಚು ಖರ್ಚು, ಎರಡು ಪಟ್ಟು ಕೆಲಸ ಎಂದು ಅವಳು ಬರೆದುಕೊಂಡಿದ್ದಾಳೆ. ಗಂಡನ ಹೊಟ್ಟೆಗೆ ಈ ಊಟ ಒಗ್ಗುವುದಿಲ್ಲ ಎಂಬ ಚಿಂತೆ ಬೇರೆ. ಸರಳ ಬದುಕಿನ ಬಗ್ಗೆ ಲೋಕಕ್ಕೆ ಹೇಳುತ್ತಿದ್ದ ಮನುಷ್ಯನ ಮನೆಯಲ್ಲಿ ಎರಡು ಪಾತ್ರೆಗಳ ಲೆಕ್ಕ ಇಟ್ಟವಳು ಅವಳು. ಅವಳನ್ನು ಜಗಳಗಂಟಿ ಎಂದು ಬರೆದ ಎಷ್ಟೋ ಲೇಖಕರು ಒಂದು ದಿನವಾದರೂ ಆ ಅಡುಗೆಮನೆಯ ಜವಾಬ್ದಾರಿ ಹೊತ್ತಿದ್ದರೆ ಬೇರೆ ಮಾತಾಡುತ್ತಿದ್ದರೇನೋ.

ಟಾಲ್‌ಸ್ಟಾಯ್ ಹೆಸರಿನಲ್ಲೇ ನಡೆದ ಇನ್ನೊಂದು ಅಡುಗೆಮನೆ ಇದೆ, ಅದು ನಮ್ಮಂಥ ವಲಸೆಗಾರರದು. 1910ರಲ್ಲಿ ಜೊಹಾನ್ಸ್‌ಬರ್ಗಿನ ಹತ್ತಿರ ಹರ್ಮನ್ ಕಾಲನ್‌ಬಾಕ್ ಬಿಟ್ಟುಕೊಟ್ಟ ಸುಮಾರು 1100 ಎಕರೆ ಜಮೀನಿನಲ್ಲಿ ಗಾಂಧೀಜಿ ಟಾಲ್‌ಸ್ಟಾಯ್ ಫಾರ್ಮ್ ಶುರುಮಾಡಿದರು. ಜೈಲಿಗೆ ಹೋದ ಸತ್ಯಾಗ್ರಹಿಗಳ ಹೆಂಡತಿ ಮಕ್ಕಳು ಅಲ್ಲಿ ಬಂದು ಸೇರಿದರು. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳು. ಮಾಂಸ ತಿಂದು ಬೆಳೆದವರಿಗೆ ಮಾಂಸ ಇಲ್ಲ ಎನ್ನುವುದು ಹೇಗೆ? ಗಾಂಧೀಜಿ ಈ ಬಗ್ಗೆ ಬರೆದಿದ್ದಾರೆ: ಅವರು ಕೇಳಿದರೆ, ದನದ ಮಾಂಸವನ್ನೇ ಕೇಳಿದರೂ, ಕೊಡುವುದೇ ಸರಿ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡರು. ಆಮೇಲೆ ಎಲ್ಲರ ಮುಂದೆ ವಿಷಯ ಇಟ್ಟರು. ಸೌಟು ಹೆಂಗಸರ ಕೈಯಲ್ಲಿತ್ತು, ಅವರನ್ನು ಬೇರೆಯಾಗಿ ಕೇಳಿದರು. ಒಂದೇ ಅಡುಗೆಮನೆ, ಸಸ್ಯಾಹಾರದ್ದೇ ಸಾಕು ಎಂದು ಅವರು ಒಪ್ಪಿದರು. ಕೊಡಲು ಸಿದ್ಧನಿದ್ದು ಕೇಳಿದ್ದರಿಂದ ಅವರು ಒಪ್ಪಿದರೆಂದು ನಾನು ಓದಿಕೊಂಡಿದ್ದೇನೆ. ಕೋಳಿಯನ್ನು ಕುರ್ಚಿಗೆ ಕಟ್ಟಿದ್ದರೆ ಒಪ್ಪುತ್ತಿದ್ದರೇ?

ಕೊನೆಯದಾಗಿ ಬರ್ನಾರ್ಡ್ ಷಾ, ನನ್ನ ಕಸುಬಿಗೆ ಹತ್ತಿರದವರು. ಡಬ್ಲಿನ್ನಿನಿಂದ ಲಂಡನ್ನಿಗೆ ಬಂದು ತಾಯಿಯ ಮನೆಯಲ್ಲಿದ್ದ, ಸಂಪಾದನೆಯಿಲ್ಲದ ಈ ತರುಣ 1881ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಾಂಸ ಬಿಟ್ಟ. ಆಗ ಲಂಡನ್ನಿನಲ್ಲಿ ಸಸ್ಯಾಹಾರಿ ಹೋಟೆಲುಗಳು ಬಂದಿದ್ದವು, ಊಟ ಅಗ್ಗ. 1898ರಲ್ಲಿ ಶಾರ್ಲೆಟ್‌ಳನ್ನು ಮದುವೆಯಾದರು. ಅವಳು ಮಾಂಸ ತಿನ್ನುವವಳು, ಕೊನೆಯವರೆಗೂ ತಿಂದಳು. ಇಬ್ಬರೂ ನಲವತ್ತೈದು ವರ್ಷ ಒಂದೇ ಮೇಜಿನಲ್ಲಿ ಬೇರೆ ಬೇರೆ ತಟ್ಟೆ ಇಟ್ಟುಕೊಂಡು ಉಂಡರು.

1938ರಲ್ಲಿ, ಎಂಬತ್ತು ದಾಟಿದ ಮೇಲೆ, ಷಾಗೆ ಪರ್ನಿಶಿಯಸ್ ಅನೀಮಿಯಾ ಎಂಬ ರಕ್ತಹೀನತೆ ಬಂತು. ಹಿಂದೆ ಅದು ಬಂದವರು ಉಳಿಯುತ್ತಿರಲಿಲ್ಲ. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ದಿನಾ ಪಿತ್ತಜನಕಾಂಗ, ಅಂದರೆ ನಮ್ಮ ಲಿವರ್, ತಿನ್ನಿಸಿದರೆ ರೋಗಿ ಚೇತರಿಸಿಕೊಳ್ಳುತ್ತಾನೆ ಎಂದು ತೋರಿಸಿದ್ದರು. ಅದಕ್ಕೆ 1934ರಲ್ಲಿ ನೊಬೆಲ್ ಸಿಕ್ಕಿತು. ಷಾಗೆ ವೈದ್ಯರು ಲಿವರ್ ಸಾರದ ಇಂಜೆಕ್ಷನ್ ಕೊಟ್ಟರು. ಷಾ ತೆಗೆದುಕೊಂಡರು. ಸಸ್ಯಾಹಾರಿಗಳು ಸಿಟ್ಟಾದರು, ಮಾಂಸಾಹಾರಿಗಳು ನಕ್ಕರು. ಎರಡೂ ಕಡೆಯವರಿಗೆ ರೋಗ ಅರ್ಥವಾಗಿರಲಿಲ್ಲ. ಈ ಕಾಯಿಲೆ ಊಟದಲ್ಲಿ ಮಾಂಸ ಇಲ್ಲದ್ದರಿಂದ ಬರುವುದಲ್ಲ; ವಿಟಮಿನ್ ಬಿ12 ಹೀರಿಕೊಳ್ಳಲು ಬೇಕಾದ ಅಂಶವನ್ನು ಜಠರ ತಯಾರಿಸದೆ ಹೋದಾಗ ಬರುತ್ತದೆ. ದಿನಾ ಮಾಂಸ ತಿನ್ನುವವರಿಗೂ ಬರುತ್ತದೆ. ಆ ವಿಟಮಿನ್ನನ್ನು ಬೇರ್ಪಡಿಸಿದ್ದೇ 1948ರಲ್ಲಿ, ಅದರ ರಚನೆಯನ್ನು ಡೊರೊಥಿ ಹಾಡ್ಜ್‌ಕಿನ್ ಬಿಡಿಸಿದ್ದು 1950ರ ದಶಕದಲ್ಲಿ. ಈಗ ನಾವು ಕೊಡುವ ಕೆಂಪು ಬಣ್ಣದ ಇಂಜೆಕ್ಷನ್ ಲಿವರಿನಿಂದ ಬರುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುತ್ತಾರೆ. ಷಾ ಇನ್ನಷ್ಟು ವರ್ಷ ಕಾಯಬಹುದಾಗಿದ್ದರೆ ಜಗಳವೇ ಇರುತ್ತಿರಲಿಲ್ಲ. ಹೇಗೂ ಅವರು 1950ರವರೆಗೆ, 94 ವರ್ಷ ಬದುಕಿದರು.

ಮಾಂಸ ಬಿಡುವವರಿಗೆ ಬಿ12ರ ಚಿಂತೆ ಬೇಡ ಎಂದು ಇದರರ್ಥವಲ್ಲ. ಹಾಲು, ಮೊಸರು, ಮೊಟ್ಟೆ ಸಾಕಷ್ಟು ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ನಡೆಯುತ್ತದೆ. ಅಬುಲ್ ಅಲಾನಂತೆ ಅವನ್ನೂ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು. ಗಿಡಮೂಲದ ಆಹಾರದಲ್ಲಿ ಅದು ನಂಬುವಷ್ಟು ಸಿಗುವುದಿಲ್ಲ. ನಮ್ಮಲ್ಲಿ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು ಬಹಳ. ಅದು ಬಿ12 ಹೀರುವುದನ್ನು ಕಡಿಮೆ ಮಾಡುತ್ತದೆ. ಗ್ಯಾಸ್ಟ್ರಿಕ್ ಎಂದು ದಿನಾ ಒಮೆಪ್ರಜೋಲ್ ತೆಗೆದುಕೊಳ್ಳುವುದೂ ಹಾಗೇ. ಇವೆರಡರ ಜೊತೆ ಮಾಂಸವನ್ನೂ ಬಿಟ್ಟವರಿಗೆ ಪಾದ ಜುಮ್ಮೆನ್ನತೊಡಗಿದರೆ ಅದು ಸಕ್ಕರೆ ಕಾಯಿಲೆಯದೇ ಎಂದು ಸುಮ್ಮನಿರದೆ ಡಾಕ್ಟರ ಹತ್ತಿರ ಹೇಳಿ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಇನ್ನು ಕ್ಯಾಪ್ಸೂಲಿನ ಮೇಲಿನ ಸಿಪ್ಪೆ ಹೆಚ್ಚಾಗಿ ಜೆಲಟಿನ್, ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡಿದ್ದು. ಬೇಡ ಅನ್ನಿಸಿದರೆ ಕೌಂಟರಿನಲ್ಲಿ ಕೇಳಬಹುದು. ಎಷ್ಟೋ ಔಷಧಗಳು ಮಾತ್ರೆಯಾಗಿಯೂ ಸಿಗುತ್ತವೆ, ಸೆಲ್ಯುಲೋಸಿನಿಂದ ಮಾಡಿದ ಕ್ಯಾಪ್ಸೂಲೂ ಬರುತ್ತದೆ. ಹಲಾಲ್ ಜೆಲಟಿನ್ ಹೌದೋ ಅಲ್ಲವೋ ಎಂದು ದಿನಾ ಕೇಳುವವರಿದ್ದಾರೆ, ಅವರ ಪಕ್ಕದಲ್ಲೇ ನಿಂತು ನೀವೂ ಕೇಳಿದರೆ ಇಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.